‘ಪೊಲೀಸ್ ಬರ್ತಾರೆ, ಪೆನ್ಶನ್ ನಿಲ್ಲುತ್ತೆ’ ಅಂತಾರೆ ಅಪ್ಪ: ಓದುಗರ ಪತ್ರ, ಮನೋವೈದ್ಯೆಯ ಉತ್ತರ

ಕಳೆದ ಸಲ ಡಿಪ್ರೆಶನ್ ಬಗ್ಗೆ ಬರೆದಿದ್ದೆ. ಅದಾದ್ಮೇಲೆ ಬಂದ ಪತ್ರಗಳಲ್ಲಿ ಮೂರ್ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯ ಹೇಳ್ತಿದ್ವು: ಬೇಜಾರು ಇದೆ, ಊಟ ನಿದ್ದೆ ಇಲ್ಲ, ಅದರ ಜೊತೆಗೆ ಇಲ್ಲದ್ದನ್ನ ಇದೆ ಅಂತ ನಂಬಿಬಿಟ್ಟಿದಾರೆ. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ ಇಟ್ಟಿದೀನಿ. ಪತ್ರ ಬರೆದವರ ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದೀನಿ.

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ 63 ವರ್ಷ, ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ದೀಪಾವಳಿ ಆದ್ಮೇಲೆ ಊಟ ಕಮ್ಮಿ ಆಯ್ತು, ರಾತ್ರಿ ಮೂರಕ್ಕೆ ಎದ್ದು ಪಡಸಾಲೆಲಿ ಕೂತಿರ್ತಾರೆ, ಮೊಮ್ಮಗಳು ತೊಡೆ ಮೇಲೆ ಬಂದ್ರೂ ಮಾತಾಡ್ಸಲ್ಲ. ಒಂದಿನ ಇದ್ದಕ್ಕಿದ್ದಂಗೆ, 30 ವರ್ಷದ ಹಿಂದೆ ಸ್ಕೂಲ್ ಪ್ರವಾಸದ ದುಡ್ಡಲ್ಲಿ 40 ರೂಪಾಯಿ ಲೆಕ್ಕ ಕೊಟ್ಟಿಲ್ಲ, ಅದೀಗ ಸಿಕ್ಕಿಬಿದ್ದಿದೆ, ಪೊಲೀಸ್ ಬರ್ತಾರೆ, ಪೆನ್ಶನ್ ನಿಲ್ಲುತ್ತೆ, ಮನೆ ಹರಾಜಾಗಿ ನೀವೆಲ್ಲ ಬೀದಿಗೆ ಬೀಳ್ತೀರಿ ಅಂದ್ರು. ಪಾಸ್‌ಬುಕ್ ತೋರಿಸಿದ್ರೆ, ನನ್ನನ್ನ ಹಿಡಿಯೋಕೆ ಸುಳ್ಳು ಎಂಟ್ರಿ ಹಾಕಿದಾರೆ ಅಂತಾರೆ. ಯಾರೋ ಮಾಟ ಮಾಡ್ಸಿದಾರೆ ಅಂತ ಸೋದರಮಾವ ಕರ್ಕೊಂಡೋಗಿ ತಾಯತ ಕಟ್ಟಿಸಿದ್ರು. ಆಮೇಲೆ ಒಬ್ರು ಮನಸ್ಸಿನ ಡಾಕ್ಟರ್ ಹತ್ರನೂ ಹೋದ್ವಿ, ಡಿಪ್ರೆಶನ್ ಅಂತ ಒಂದು ಮಾತ್ರೆ ಕೊಟ್ರು, ಐದು ವಾರ ಆಯ್ತು, ಏನೂ ಉಪಯೋಗ ಇಲ್ಲ. ಪೊಲೀಸ್ ವಿಷಯ ಅಲ್ಲಿ ಅಪ್ಪ ಬಾಯೇ ಬಿಡ್ಲಿಲ್ಲ, ನಮಗೂ ಹೇಳೋಕೆ ಒಂಥರಾ ಆಯ್ತು. ಅಪ್ಪಂಗೆ ಹುಚ್ಚು ಹಿಡಿದಿದ್ಯಾ? ಮರೆವಿನ ಕಾಯಿಲೆ ಶುರುವಾ?
– ಮಗಳು, ಹಾಸನ ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲೇ ಉತ್ತರ ಮುಕ್ಕಾಲು ಭಾಗ ಇದೆ. ಮೊದಲು ಮನಸ್ಸು ಕುಸಿದಿದೆ, ಊಟ ಹೋಗಿದೆ, ನಸುಕಿಗೆ ಎಚ್ಚರ ಆಗ್ತಿದೆ, ಅದಾಗಿ ಕೆಲವು ವಾರ ಆದ್ಮೇಲೆ ಪೊಲೀಸ್, ಹರಾಜು ಎಲ್ಲ ಬಂದಿದೆ. ಈ ಕ್ರಮ ಬಹಳ ಮುಖ್ಯ. ಇದನ್ನ ನಾವು ಸೈಕೋಟಿಕ್ ಡಿಪ್ರೆಶನ್ ಅಂತೀವಿ, ಅಂದ್ರೆ ಖಿನ್ನತೆ ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ ಅದು ಭ್ರಮೆಯನ್ನ ಹುಟ್ಟುಹಾಕಿದೆ. ನಿಮ್ಮಪ್ಪನ್ನ ನೋಡದೆ ಇಲ್ಲಿಂದ ಕಾಯಿಲೆಗೆ ಹೆಸರಿಡೋದು ಸರಿಯಲ್ಲ, ಆದ್ರೆ ನೀವು ಬರೆದಿರೋದು ಓದಿದ ಯಾವ ಸೈಕಿಯಾಟ್ರಿಸ್ಟ್‌ಗಾದ್ರೂ ಮೊದಲು ನೆನಪಾಗೋದು ಇದೇ.

ಮಾಮೂಲಿ ಡಿಪ್ರೆಶನ್‌ನಲ್ಲೂ ‘ನಾನು ಕೆಲಸಕ್ಕೆ ಬಾರದವನು, ಎಲ್ಲಾ ನನ್ನಿಂದಲೇ ಆಗಿದ್ದು’ ಅಂತ ಅನ್ಸುತ್ತೆ, ಆದ್ರೆ ನೀವು ಪಕ್ಕದಲ್ಲಿ ಕೂತು ಅರ್ಧ ಗಂಟೆ ಮಾತಾಡಿದ್ರೆ, ಹೌದಪ್ಪ ನಾನೇ ಜಾಸ್ತಿ ಯೋಚನೆ ಮಾಡ್ತಿದೀನೇನೋ ಅಂತ ಒಂದು ಕ್ಷಣಕ್ಕಾದ್ರೂ ಅವರಿಗೆ ಅನ್ಸುತ್ತೆ. ಇಲ್ಲಿ ಆ ಸಂದಿನೇ ಇರಲ್ಲ. ಪಾಸ್‌ಬುಕ್ ತೋರಿಸಿದ್ರೆ ಪಾಸ್‌ಬುಕ್ಕೇ ಸುಳ್ಳು. ಮತ್ತೆ ಭ್ರಮೆ ಯಾವ ವಿಷಯದ್ದು ಅಂತ ನೋಡಿ: ಪಾಪ ಮಾಡಿದೀನಿ, ಶಿಕ್ಷೆ ಆಗುತ್ತೆ, ಮನೆತನ ದಿವಾಳಿ ಆಯ್ತು, ಒಳಗೆಲ್ಲ ಕೊಳೆತಿದೆ, ನನಗೆ ವಾಸಿಯಾಗದ ರೋಗ ಬಂದಿದೆ. ಎಲ್ಲವೂ ದುಃಖದ ಬಣ್ಣದ್ದೇ. ಕೆಲವರಿಗೆ ದನಿನೂ ಕೇಳುತ್ತೆ, ಅದೂ ಬೈಯೋ ದನಿ, ‘ನೀನು ಬದುಕಬಾರದು’ ಅನ್ನೋ ದನಿ. ನನಗೆ ಅನುಭವದಿಂದ ಅನ್ಸಿರೋದು ಏನಂದ್ರೆ, ತಪ್ಪು ಮಾಡಿದೀನಿ ಅನ್ನೋ ಭಾವನೆ ಮೊದಲು ಬಂದು ಎದೆ ಮೇಲೆ ಕೂತ್ಕೊಳ್ಳುತ್ತೆ, ಆಮೇಲೆ ಮನಸ್ಸು ಅದಕ್ಕೆ ತಕ್ಕ ತಪ್ಪನ್ನ ಹುಡುಕಿಕೊಂಡು ಹಳೇ ಕಾಲಕ್ಕೆ ಹೋಗುತ್ತೆ. ಆ 40 ರೂಪಾಯಿ ನಿಜಾನೇ ಇರಬಹುದು. ಅದಕ್ಕೇ ಮನೆಯವರು ಗೊಂದಲಕ್ಕೆ ಬೀಳೋದು, ಇದರಲ್ಲಿ ಸತ್ಯ ಇದ್ಯಲ್ಲ ಅಂತ. ಬೀಜ ಸತ್ಯ, ಅದರಿಂದ ಬೆಳೆದ ಮರ ಕಾಯಿಲೆ.

ಹುಚ್ಚಾ ಅಂತ ಕೇಳಿದೀರಿ. ಆ ಪದ ಮನೆಯಲ್ಲಿ ಬಳಸಬೇಡಿ, ನಿಮ್ಮಪ್ಪ ಕೇಳಿಸ್ಕೊಂಡ್ರೆ ಇನ್ನೂ ಒಳಗೆ ಹೋಗ್ತಾರೆ. ಸ್ಕಿಜೋಫ್ರೀನಿಯಾ, ಅಂದ್ರೆ ಭ್ರಮೆ, ಇಲ್ಲದ ದನಿ ಇವೇ ಮುಖ್ಯವಾಗಿರೋ ಕಾಯಿಲೆ, ಸಾಮಾನ್ಯವಾಗಿ ಹರೆಯದಲ್ಲಿ ಅಥವಾ ಇಪ್ಪತ್ತು ಮೂವತ್ತರ ವಯಸ್ಸಲ್ಲಿ ಶುರುವಾಗೋದು, ಅದರಲ್ಲಿ ಬೇಜಾರು ಇಲ್ಲದ ಕಾಲದಲ್ಲೂ ಭ್ರಮೆ ಇದ್ದೇ ಇರುತ್ತೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನಕ್ಕೆ ಬರುತ್ತೆ, ಯಾವತ್ತು ಶುರುವಾಯ್ತು ಅಂತ ಯಾರಿಗೂ ಹೇಳೋಕಾಗಲ್ಲ, ನೀವು ‘ದೀಪಾವಳಿ ಆದ್ಮೇಲೆ’ ಅಂತ ಸರಿಯಾಗಿ ಹೇಳ್ತಿದೀರಿ. ಇನ್ನೊಂದು ಇದೆ: ಎರಡೇ ದಿನದಲ್ಲಿ ಶುರುವಾಗಿ, ಬೆಳಿಗ್ಗೆ ಸರಿಯಿದ್ದು ಸಂಜೆ ಹೊತ್ತಿಗೆ ಊರು ದಿನ ಯಾವುದೂ ಗೊತ್ತಾಗದೆ ಬಡಬಡಿಸಿದ್ರೆ ಅದು ಜ್ವರ, ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರೋದು, ಕುಡಿತ ತಟ್ಟನೆ ನಿಲ್ಲಿಸಿದ್ದು ಇಂಥದ್ರಿಂದ ಆಗಿರಬಹುದು, ಆಗ ಮೊದಲು ಹೋಗಬೇಕಾಗಿರೋದು ಜನರಲ್ ಆಸ್ಪತ್ರೆಗೆ. ನಿಮ್ಮಪ್ಪಂಗೂ ಥೈರಾಯ್ಡ್, ಬಿ12, ಶುಗರ್, ಸೋಡಿಯಂ ಒಂದ್ಸಲ ನೋಡಿಸಿ, ಈ ವಯಸ್ಸಲ್ಲಿ ಮೊದಲ ಸಲ ಹೀಗಾದ್ರೆ ತಲೆಯ ಸ್ಕ್ಯಾನ್ ಕೂಡ ಡಾಕ್ಟ್ರು ಹೇಳಬಹುದು. ಸ್ಟೀರಾಯ್ಡ್ ಮಾತ್ರೆ ಏನಾದ್ರೂ ತಗೊಳ್ತಿದ್ರೆ ಅದನ್ನೂ ಹೇಳಿ, ಅದೂ ಮನಸ್ಸನ್ನ ಕೆಡಿಸಬಲ್ಲದು.

ಈಗ ಆ ಐದು ವಾರದ ವಿಷಯ. ಡಾಕ್ಟ್ರದ್ದು ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ, ಆದ್ರೆ ಮುಖ್ಯವಾದ ಮಾತು ಆ ರೂಮಿನೊಳಗೆ ಬರಲೇ ಇಲ್ಲ. ಈ ಕಾಯಿಲೆ ತಪ್ಪಿಹೋಗೋದೇ ಹೀಗೆ. ಯಾಕಂದ್ರೆ ನಿಮ್ಮಪ್ಪನ ಲೆಕ್ಕದಲ್ಲಿ ಅವರಿಗೆ ಕಾಯಿಲೆ ಇಲ್ಲ, ಅವರು ಅಪರಾಧಿ, ಅಪರಾಧಿ ಯಾರ ಮುಂದೆನಾದ್ರೂ ತಾನಾಗೇ ಬಾಯಿ ಬಿಡ್ತಾನಾ? ಡಾಕ್ಟ್ರು ಪೊಲೀಸಿಗೆ ಹೇಳ್ಬಿಡ್ತಾರೆ ಅಂತಾನೂ ಅಂದ್ಕೊಂಡಿರಬಹುದು. ಅದಕ್ಕೇ ನಾವು ಬಿಡಿಸಿ ಕೇಳಬೇಕಾಗುತ್ತೆ: ಏನೋ ದೊಡ್ಡ ತಪ್ಪು ಮಾಡಿದೀನಿ, ಶಿಕ್ಷೆ ಕಾದಿದೆ ಅಂತ ಅನ್ಸುತ್ತಾ? ಜನ ನಿಮ್ಮ ಬಗ್ಗೆನೇ ಮಾತಾಡ್ತಾರೆ ಅನ್ಸುತ್ತಾ? ದೇಹದ ಒಳಗೆ ಏನೋ ನಿಂತುಹೋಗಿದೆ ಅನ್ಸುತ್ತಾ? ಯಾರೂ ಇಲ್ಲದಾಗ ದನಿ ಕೇಳುತ್ತಾ? ಮುಂದಿನ ಸಲ ಹೋಗುವಾಗ ನೀವು ಒಂದು ಚೀಟಿಲಿ ಎಲ್ಲ ಬರ್ಕೊಂಡು ಹೋಗಿ, ಅಪ್ಪ ಹೇಳಿದ ಮಾತನ್ನ ಅವರದೇ ಶಬ್ದದಲ್ಲಿ, ಯಾವತ್ತು ಹೇಳಿದ್ರು ಅಂತಾನೂ ಸೇರಿಸಿ. ಅಪ್ಪ ಒಳಗಿರುವಾಗ ಹೇಳೋಕಾಗಲ್ಲ ಅಂದ್ರೆ ಐದು ನಿಮಿಷ ಬೇರೆ ಮಾತಾಡ್ಬೇಕು ಅಂತ ಕೇಳಿ. ಆ ಚೀಟಿ ಎಷ್ಟೋ ಸಲ ಸ್ಕ್ಯಾನಿಗಿಂತ ದೊಡ್ಡದು.

ಯಾಕೆ ಅಂದ್ರೆ ಟ್ರೀಟ್ಮೆಂಟೇ ಬದಲಾಗುತ್ತೆ. ಭ್ರಮೆ ಇರೋ ಡಿಪ್ರೆಶನ್‌ಗೆ ಬರೀ ಖಿನ್ನತೆಯ ಮಾತ್ರೆ ಸಾಮಾನ್ಯವಾಗಿ ಸಾಕಾಗಲ್ಲ, ಬರೀ ಭ್ರಮೆಯ ಮಾತ್ರೆನೂ ಸಾಕಾಗಲ್ಲ, ಎರಡೂ ಜೊತೆಗೆ ಬೇಕು. 2009ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಇಂಥ 259 ಜನರನ್ನ ತಗೊಂಡು ಅರ್ಧದಷ್ಟು ಜನಕ್ಕೆ ಒಲಾಂಜಪಿನ್ (ಭ್ರಮೆಯ ಮಾತ್ರೆ) ಜೊತೆ ಸರ್ಟ್ರಾಲಿನ್ (ಖಿನ್ನತೆಯ ಮಾತ್ರೆ), ಉಳಿದವರಿಗೆ ಒಲಾಂಜಪಿನ್ ಜೊತೆ ಖಾಲಿ ಮಾತ್ರೆ ಕೊಟ್ಟು 12 ವಾರ ನೋಡಿದ್ರು, ಎರಡೂ ಔಷಧಿ ಸಿಕ್ಕವರಲ್ಲಿ ನೂರಕ್ಕೆ ಸುಮಾರು 42 ಜನ ಪೂರ್ತಿ ಚೇತರಿಸಿಕೊಂಡ್ರು, ಒಂದೇ ಸಿಕ್ಕವರಲ್ಲಿ ಸುಮಾರು 24. ಅರವತ್ತು ದಾಟಿದವರಲ್ಲೂ ಇದು ಕೆಲಸ ಮಾಡ್ತು, ಅದನ್ನ ನಿಮ್ಮಪ್ಪನ ಸಲುವಾಗಿ ಹೇಳ್ತಿದೀನಿ. ಮೊದಲು ನಿದ್ದೆ ಬರುತ್ತೆ, ಆಮೇಲೆ ಭಯ ಇಳಿಯುತ್ತೆ, ಪೊಲೀಸ್ ಮಾತು ದಿನಕ್ಕೆ ಹತ್ತು ಸಲ ಇದ್ದಿದ್ದು ಎರಡು ಸಲ ಆಗುತ್ತೆ, ಕೊನೆಗೆ ಮನಸ್ಸು ಮೇಲೆ ಬರುತ್ತೆ. ವಾರಗಳ ಲೆಕ್ಕ ಇದು, ದಿನಗಳ ಲೆಕ್ಕ ಅಲ್ಲ, ಮಧ್ಯದಲ್ಲಿ ಬಿಡಬೇಡಿ. ವಯಸ್ಸಾದವರಿಗೆ ಈ ಮಾತ್ರೆಗಳಿಂದ ಸೋಡಿಯಂ ಇಳಿಯಬಹುದು, ತಲೆ ತಿರುಗಿ ಬೀಳಬಹುದು, ಶುಗರ್ ತೂಕ ಏರಬಹುದು, ಹಾಗಾಗಿ ಡೋಸ್ ನಿಧಾನಕ್ಕೆ ಏರಿಸ್ತಾರೆ, ರಕ್ತ ಪರೀಕ್ಷೆ ಮಾಡ್ತಾ ಇರ್ತಾರೆ.

ಅಲ್ಲೀವರೆಗೂ ಮನೆಯಲ್ಲಿ ವಾದ ಮಾಡಬೇಡಿ. ಪಾಸ್‌ಬುಕ್ ತೋರಿಸೋದು ನಿಲ್ಲಿಸಿ. ಹಾಗಂತ ‘ಹೌದಪ್ಪ, ಪೊಲೀಸಿಗೆ ನಾನು ದುಡ್ಡು ಕೊಟ್ಟು ಬಂದೆ’ ಅಂತ ಸುಳ್ಳೂ ಹೇಳಬೇಡಿ, ಅದು ಭ್ರಮೆಗೆ ಸಾಕ್ಷಿ ಕೊಟ್ಟ ಹಾಗೆ. ‘ನಿಮಗೆ ಎಷ್ಟು ಭಯ ಆಗ್ತಿದೆ ಅಂತ ಗೊತ್ತಾಗುತ್ತೆ ಅಪ್ಪಾ, ನನಗೆ ಹಾಗೆ ಕಾಣ್ತಿಲ್ಲ, ಆದ್ರೂ ನಾನು ಇಲ್ಲೇ ಇರ್ತೀನಿ’ ಅಂದ್ರೆ ಸಾಕು. ತಾಯತ ಇರಲಿ ಬಿಡಿ, ದೇವಸ್ಥಾನಕ್ಕೆ ಹೋಗೋದಕ್ಕೂ ನನ್ನ ಅಡ್ಡಿ ಇಲ್ಲ, ಆದ್ರೆ ಅದಕ್ಕೆ ಅಂತ ಇನ್ನೊಂದು ಅಮಾವಾಸ್ಯೆ ಕಾಯಬೇಡಿ, ಉಪವಾಸ ಅಂತೂ ಬೇಡವೇ ಬೇಡ.

ಇನ್ನೊಂದು ಮಾತು, ಇದನ್ನ ಎರಡು ಸಲ ಓದಿ. ಈ ಕಾಯಿಲೆಯಲ್ಲಿ ಜೀವಕ್ಕೆ ಅಪಾಯ ಮಾಮೂಲಿ ಡಿಪ್ರೆಶನ್‌ಗಿಂತ ಜಾಸ್ತಿ. ‘ನಾನು ಹೋದ್ರೆ ನೀವಾದ್ರೂ ಉಳೀತೀರಿ’ ಅನ್ನೋ ಥರದ ಮಾತು ಬಂದ್ರೆ ಅದು ಬರೀ ಬೇಜಾರಿನ ಮಾತಲ್ಲ. ನೇರವಾಗಿ ಕೇಳಿ, ‘ಸಾಯಬೇಕು ಅನ್ಸುತ್ತಾ ಅಪ್ಪಾ?’ ಅಂತ. ಕೇಳಿದ್ರೆ ಆ ಯೋಚನೆ ಬರ್ಬಿಡುತ್ತೆ ಅನ್ನೋದು ಸುಳ್ಳು, ಕೇಳಿದ್ರೆ ಭಾರ ಇಳಿಯುತ್ತೆ. ತೋಟಕ್ಕೆ ಹೊಡೆಯೋ ಔಷಧಿ ಮನೆಯಲ್ಲಿದ್ರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ, ಮಾತ್ರೆಗಳು ನಿಮ್ಮ ಕೈಲಿರಲಿ, ನಸುಕಿಗೆ ಮೂರಕ್ಕೆ ಅವರು ಎದ್ದಾಗ ಯಾರಾದ್ರೂ ಒಬ್ರು ಎದ್ದಿರಿ, ಬೆಳಗಿನ ಜಾವವೇ ಇವರಿಗೆ ಅತಿ ಕೆಟ್ಟ ಹೊತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರ್ತಾರೆ, ತಾಲ್ಲೂಕು ಆಸ್ಪತ್ರೆಗಳಿಗೂ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಬರ್ತಾರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿ ಎಷ್ಟೊತ್ತಿಗೆ ಮಾಡಿದ್ರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಊಟ ನೀರು ಬಿಟ್ರೆ ಅಥವಾ ಸಾಯೋ ಮಾತು ಬಂದ್ರೆ ಫೋನ್ ಅಲ್ಲ, ಸೀದಾ ಆಸ್ಪತ್ರೆ. ಅವರು ಬರಲ್ಲ ಅಂದ್ರೂ, ಜೀವಕ್ಕೆ ಅಪಾಯ ಇದ್ದಾಗ ಮನೆಯವರು ಪ್ರತಿನಿಧಿಯಾಗಿ ಅರ್ಜಿ ಕೊಟ್ಟು ಅಡ್ಮಿಟ್ ಮಾಡ್ಸೋಕೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ದಾರಿ ಇದೆ, ಮೊದಲಿಗೆ 30 ದಿನದವರೆಗೆ.

ಪ್ರಶ್ನೆ: ನಮ್ಮಮ್ಮಂಗೆ 56. ಕರುಳು ಕೊಳೆತುಹೋಗಿದೆ, ತಿಂದಿದ್ದು ಎಲ್ಲೂ ಹೋಗಲ್ಲ, ನಾನು ಆಗಲೇ ಸತ್ತಿದೀನಿ ನನಗ್ಯಾಕೆ ಅನ್ನ ಅಂತಾರೆ. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ನಾರ್ಮಲ್. 11 ಕೆಜಿ ಇಳಿದಿದಾರೆ. ಆಸ್ಪತ್ರೆಯಲ್ಲಿ ಕರೆಂಟ್ ಟ್ರೀಟ್ಮೆಂಟ್ ಕೊಡ್ಬೇಕು ಅಂತಿದಾರೆ. ಸಿನಿಮಾದಲ್ಲಿ ನೋಡಿದೀವಲ್ಲ, ಕೈಕಾಲು ಕಟ್ಟಿ ಶಾಕ್ ಕೊಡೋದು, ನಮ್ಮಮ್ಮಂಗೆ ಹಾಗೆ ಮಾಡಿಸೋಕೆ ಮನಸ್ಸು ಒಪ್ತಿಲ್ಲ.
– ಮಗ, ತುಮಕೂರು

ಉತ್ತರ: ನಿಮ್ಮಮ್ಮ ಹೇಳೋ ಮಾತನ್ನ ಫ್ರಾನ್ಸಿನ ಜೂಲ್ಸ್ ಕೊಟಾರ್ ಅನ್ನೋ ವೈದ್ಯರು 1880ರಲ್ಲೇ ವಿವರಿಸಿದ್ರು, ತನಗೆ ಮಿದುಳು ಇಲ್ಲ, ಕರುಳು ಇಲ್ಲ, ಊಟ ಬೇಕಾಗಿಲ್ಲ ಅಂತಿದ್ದ ಒಬ್ಬ ಹೆಂಗಸಿನ ಬಗ್ಗೆ. ಇವತ್ತಿಗೂ ಆ ಸ್ಥಿತಿಗೆ ಅವರದೇ ಹೆಸರಿದೆ. ಹಳೇ ಕಾಯಿಲೆ, ಆದ್ರೆ ಆಗ ಇಲ್ಲದ ಚಿಕಿತ್ಸೆ ಈಗ ಇದೆ, ಅದನ್ನೇ ನಿಮ್ಮ ಡಾಕ್ಟ್ರು ಹೇಳ್ತಿರೋದು.

ಸಿನಿಮಾದಲ್ಲಿ ತೋರಿಸೋದು ಆಸ್ಪತ್ರೆಯಲ್ಲಿ ನಡೆಯಲ್ಲ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಅನ್ನೋ ಇಬ್ರು ಮೊದಲು ಇಸಿಟಿ (ನೀವು ಹೇಳೋ ಕರೆಂಟ್ ಟ್ರೀಟ್ಮೆಂಟ್) ಕೊಟ್ಟಾಗ ಅರಿವಳಿಕೆ ಇರಲಿಲ್ಲ ನಿಜ, ಆ ಕಾಲದ ಚಿತ್ರವೇ ಜನರ ತಲೆಯಲ್ಲಿ ಉಳಿದಿದೆ. ಈಗ ಅರಿವಳಿಕೆ ಮತ್ತೆ ಸ್ನಾಯು ಸಡಿಲಿಸೋ ಔಷಧಿ ಇಲ್ಲದೆ ಇಸಿಟಿ ಕೊಡೋದನ್ನ 2017ರ ಕಾಯ್ದೆನೇ ನಿಷೇಧಿಸಿದೆ. ನಡೆಯೋದು ಹೀಗೆ: ರಾತ್ರಿಯಿಂದ ಖಾಲಿ ಹೊಟ್ಟೆ, ಬೆಳಿಗ್ಗೆ ಕೈಗೆ ಸೂಜಿ, ನಿದ್ದೆ ಬರುತ್ತೆ, ಕೆಲವೇ ಸೆಕೆಂಡು ಸಣ್ಣ ಪ್ರಮಾಣದ ಕರೆಂಟ್, ಅದರಿಂದ ಮಿದುಳಲ್ಲಿ ಒಂದು ನಿಮಿಷದೊಳಗೆ ಮುಗಿಯೋ ಫಿಟ್ಸ್, ಹೊರಗೆ ನೋಡಿದ್ರೆ ಕಾಲ್ಬೆರಳು ಅಲ್ಲಾಡಿದ್ದು ಕಾಣಬಹುದು ಅಷ್ಟೇ. ಸ್ವಲ್ಪ ಹೊತ್ತಿಗೆ ಎಚ್ಚರ ಆಗ್ತಾರೆ. ವಾರಕ್ಕೆ ಎರಡು ಮೂರು ಸಲ, ಒಟ್ಟು 6ರಿಂದ 12 ಸಲ ಆಗಬಹುದು.

ನಾನು ಸುಮ್ನೆ ಧೈರ್ಯ ಹೇಳ್ತಿಲ್ಲ, ತೊಂದರೆನೂ ಹೇಳ್ತೀನಿ. ತಲೆನೋವು ಬರುತ್ತೆ, ಎದ್ದ ತಕ್ಷಣ ಗೊಂದಲ ಇರುತ್ತೆ, ಚಿಕಿತ್ಸೆ ನಡೆದ ವಾರಗಳ ಮತ್ತು ಅದರ ಹಿಂದಿನ ಕೆಲವು ನೆನಪು ಮಸುಕಾಗುತ್ತೆ. ಹೆಚ್ಚಿನದು ವಾಪಸ್ ಬರುತ್ತೆ, ಕೆಲವು ಬರದೇನೂ ಇರಬಹುದು. ಅರಿವಳಿಕೆಗೆ ಹೃದಯ, ಬಿಪಿ ಸರಿಯಿದ್ಯಾ ಅಂತ ಮೊದಲೇ ನೋಡ್ತಾರೆ. ಇದೆಲ್ಲ ಒಂದು ತಕ್ಕಡಿಲಿ ಇಡಿ, ಇನ್ನೊಂದರಲ್ಲಿ 11 ಕೆಜಿ ಇಳಿದು ಅನ್ನ ಮುಟ್ಟದ ನಿಮ್ಮಮ್ಮನ್ನ ಇಡಿ. ಮಾತ್ರೆ ಕೆಲಸ ಮಾಡೋಕೆ ವಾರಗಳು ಬೇಕು, ಅಷ್ಟು ಸಮಯ ಅವರ ದೇಹದಲ್ಲಿ ಇಲ್ಲ. ಭ್ರಮೆ ಇರೋ ಡಿಪ್ರೆಶನ್‌ನಲ್ಲೇ ಇಸಿಟಿ ಅತಿ ಚೆನ್ನಾಗಿ ಕೆಲಸ ಮಾಡೋದು, ನಮ್ಮ ಹತ್ರ ಇರೋ ಯಾವ ಚಿಕಿತ್ಸೆಗಿಂತಲೂ ವೇಗವಾಗಿ. ನಾಲ್ಕನೇದೋ ಐದನೇದೋ ಆದ ಬೆಳಿಗ್ಗೆ ರೋಗಿ ತಾನಾಗೇ ‘ಸ್ವಲ್ಪ ಕಾಫಿ ಸಿಗುತ್ತಾ’ ಅಂತ ಕೇಳಿದ್ದನ್ನ ನಾನು ಎಷ್ಟೋ ಸಲ ನೋಡಿದೀನಿ, ಇವತ್ತಿಗೂ ಅದನ್ನ ನೋಡಿದ್ರೆ ನನ್ನ ಕಣ್ಣು ತುಂಬುತ್ತೆ. ನನ್ನ ಸ್ವಂತ ಅಮ್ಮಂಗೆ ಹೀಗಾಗಿದ್ರೆ ಒಪ್ಪಿಗೆಗೆ ಸಹಿ ಹಾಕ್ತಿದ್ದೆ. ಆದ್ರೆ ಇಸಿಟಿ ಮುಗಿದ ಮೇಲೂ ಮಾತ್ರೆ ಮುಂದುವರಿಸಬೇಕು, ಇಲ್ಲಾಂದ್ರೆ ಕೆಲವೇ ತಿಂಗಳಲ್ಲಿ ಕಾಯಿಲೆ ಮರಳಿ ಬರೋ ಸಾಧ್ಯತೆ ಜಾಸ್ತಿ.

ಪ್ರಶ್ನೆ: ತಂಗಿಗೆ ಹೆರಿಗೆಯಾಗಿ 12 ದಿನ. ನಾಲ್ಕು ದಿನದಿಂದ ನಿದ್ದೆನೇ ಮಾಡಿಲ್ಲ, ಅಳ್ತಾಳೆ, ಈ ಮಗು ನನ್ನದಲ್ಲ, ಇದಕ್ಕೆ ಮುಂದೆ ಬರೀ ಕಷ್ಟ ಇದೆ, ಇದನ್ನ ಕರ್ಕೊಂಡು ದೇವರ ಹತ್ರ ಹೋಗ್ತೀನಿ ಅಂತಾಳೆ. ಬಾಣಂತಿ ಸನ್ನಿ, ಕಷಾಯ ಕೊಟ್ರೆ ಹೋಗುತ್ತೆ ಅಂತಾರೆ ಅಜ್ಜಿ.
– ಅಕ್ಕ, ಊರು ಬೇಡ

ಉತ್ತರ: ಈ ಪತ್ರ ನೋಡಿದ ಗಂಟೆಯಲ್ಲೇ ಇವರಿಗೆ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೀನಿ. ಇಲ್ಲಿ ಹಾಕ್ತಿರೋದು ಬೇರೆ ಮನೆಗಳಿಗಾಗಿ. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಇದು ಹೃದಯಾಘಾತದಷ್ಟೇ ಅರ್ಜೆಂಟು, ಅದೇ ದಿನ ಆಸ್ಪತ್ರೆ ಸೇರಬೇಕು. ಅಲ್ಲೀವರೆಗೂ ತಾಯಿ ಮಗುನ ಇಬ್ಬರನ್ನೇ ಒಂದು ಕ್ಷಣನೂ ಬಿಡಬಾರದು. ಅವಳು ಕೆಟ್ಟ ತಾಯಿ ಅಲ್ಲ, ಮಗುನ ಕಷ್ಟದಿಂದ ಉಳಿಸ್ತಿದೀನಿ ಅಂತಲೇ ಕಾಯಿಲೆ ಅವಳನ್ನ ನಂಬಿಸಿರುತ್ತೆ. ಸರಿಯಾಗಿ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ವಾಸಿಯಾಗುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರೋ ವಾರ್ಡ್ ಇದೆ, ದೂರದವರು ಹತ್ತಿರದ ಮೆಡಿಕಲ್ ಕಾಲೇಜಿಗೋ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಹೋಗಬಹುದು, 108 ಕರೀರಿ. ಮುಂದಿನ ಬಸಿರಿಗೆ ಮೊದಲೇ ಡಾಕ್ಟರಿಗೆ ಇದನ್ನ ಹೇಳಿರಬೇಕು, ಮತ್ತೆ ಬರೋ ಸಾಧ್ಯತೆ ಇದೆ.

ಪ್ರಶ್ನೆ: ನನಗೆ 29, ಐಟಿ ಕೆಲಸ. ಹೋದ ವರ್ಷ ಇದೇ ಕಾಯಿಲೆ ಬಂದಿತ್ತು, ಆಫೀಸಿನ ಡೇಟಾ ಲೀಕ್ ಮಾಡಿದ್ದು ನಾನೇ, ನನ್ನನ್ನ ಅರೆಸ್ಟ್ ಮಾಡ್ತಾರೆ ಅಂತ ನಂಬಿದ್ದೆ, ಮ್ಯಾನೇಜರಿಗೆ ತಪ್ಪೊಪ್ಪಿಗೆ ಮೇಲ್ ಕೂಡ ಕಳ್ಸಿದ್ದೆ. ಈಗ ಐದು ತಿಂಗಳಿಂದ ಚೆನ್ನಾಗಿದೀನಿ, ಆದ್ರೆ 9 ಕೆಜಿ ದಪ್ಪ ಆಗಿದೀನಿ. ಒಲಾಂಜಪಿನ್ ನಿಲ್ಲಿಸಬಹುದಾ? ಆ ಮೇಲ್ ನೆನೆಸ್ಕೊಂಡ್ರೆ ನಾಚಿಕೆಯಿಂದ ಸಾಯೋ ಹಾಗಾಗುತ್ತೆ.
– ಬೆಂಗಳೂರು

ಉತ್ತರ: ನಿಮ್ಮ ಕಷ್ಟ ನಿಜವಾದದ್ದು, 9 ಕೆಜಿ ಅಂದ್ರೆ ತಮಾಷೆ ಅಲ್ಲ. ಆದ್ರೂ ನೀವಾಗೇ ನಿಲ್ಲಿಸಬೇಡಿ. ಚೇತರಿಸಿಕೊಂಡವರಲ್ಲಿ ಒಲಾಂಜಪಿನ್ ಮುಂದುವರಿಸಿದ್ರೆ ಏನಾಗುತ್ತೆ, ನಿಲ್ಲಿಸಿದ್ರೆ ಏನಾಗುತ್ತೆ ಅಂತ ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು, ಎಲ್ಲರಿಗೂ ಸರ್ಟ್ರಾಲಿನ್ ಮುಂದುವರಿಸಿ 36 ವಾರ ಕಾದು ನೋಡಿದ್ರು. ಮುಂದುವರಿಸಿದವರಲ್ಲಿ ನೂರಕ್ಕೆ 20 ಜನಕ್ಕೆ ಕಾಯಿಲೆ ಮರುಕಳಿಸಿತು, ನಿಲ್ಲಿಸಿದವರಲ್ಲಿ ಸುಮಾರು 55 ಜನಕ್ಕೆ. ತೂಕ ಏರಿದ್ದು ಮಾತ್ರ ಮುಂದುವರಿಸಿದವರಿಗೆ. ಅಂದ್ರೆ ಎರಡೂ ಕಡೆ ಬೆಲೆ ಇದೆ. ಡಾಕ್ಟ್ರ ಜೊತೆ ಕೂತು ಕೇಳಿ: ಡೋಸ್ ಇಳಿಸಬಹುದಾ, ತೂಕ ಅಷ್ಟಾಗಿ ಏರಿಸದ ಬೇರೆ ಮಾತ್ರೆಗೆ ಬದಲಾಯಿಸಬಹುದಾ, ಶುಗರ್ ಕೊಲೆಸ್ಟ್ರಾಲ್ ನೋಡಿಸಿದೀವಾ? ಇಳಿಸೋದಾದ್ರೆ ತಿಂಗಳುಗಟ್ಟಲೆ ನಿಧಾನಕ್ಕೆ, ನಿಮ್ಮ ಮನೆಯವರಲ್ಲಿ ಒಬ್ಬರಿಗೆ ಗೊತ್ತಿರಬೇಕು, ಅಪ್ರೈಸಲ್ ರಿಲೀಸ್ ಅಂತ ತಲೆ ಕೆಟ್ಟಿರೋ ತಿಂಗಳಲ್ಲಿ ಬೇಡ. ಇನ್ನೊಂದು, ನಿಮ್ಮ ವಯಸ್ಸಲ್ಲಿ ಇಂಥ ಡಿಪ್ರೆಶನ್ ಬಂದವರಲ್ಲಿ ಕೆಲವರಿಗೆ ಮುಂದೆ ಬೈಪೋಲಾರ್, ಅಂದ್ರೆ ಒಮ್ಮೆ ಮನಸ್ಸು ಕುಸಿದು ಇನ್ನೊಮ್ಮೆ ಅತಿಯಾಗಿ ಏರೋ ಕಾಯಿಲೆ, ಅಂತ ಗೊತ್ತಾಗುತ್ತೆ. ಮೂರು ಗಂಟೆ ಮಲಗಿದ್ರೂ ಸುಸ್ತಿಲ್ಲ, ಮಾತು ಜಾಸ್ತಿ, ದುಡ್ಡು ನೀರಿನ ಥರ ಖರ್ಚು ಅನ್ನೋ ಹಾಗೆ ಯಾವತ್ತಾದ್ರೂ ಆಗಿತ್ತಾ, ಮನೆತನದಲ್ಲಿ ಯಾರಿಗಾದ್ರೂ ಇದ್ಯಾ ಅಂತ ಡಾಕ್ಟರಿಗೆ ಹೇಳಿ.

ಆ ಮೇಲ್ ಬಗ್ಗೆ. 104 ಡಿಗ್ರಿ ಜ್ವರದಲ್ಲಿ ಕನವರಿಸಿದ್ದಕ್ಕೆ ಯಾರಾದ್ರೂ ಕ್ಷಮೆ ಕೇಳ್ತಾರಾ? ಮ್ಯಾನೇಜರಿಗೆ ವಿವರ ಹೇಳಬೇಕೋ ಬೇಡವೋ ಅನ್ನೋದು ನಿಮ್ಮ ಹಕ್ಕು, ‘ಆಗ ತುಂಬಾ ಹುಷಾರಿರಲಿಲ್ಲ, ಈಗ ಚಿಕಿತ್ಸೆ ಆಗಿದೆ’ ಅಂದ್ರೆ ಸಾಕು. ಆದ್ರೆ ನಾಚಿಕೆಯಿಂದ ‘ಸಾಯೋ ಹಾಗಾಗುತ್ತೆ’ ಅಂತ ಬರೆದಿದೀರಲ್ಲ, ಅದು ಮಾತಿಗೆ ಬರೆದಿದ್ದಾ, ನಿಜಾನಾ? ನಿಜ ಆಗಿದ್ರೆ ಈ ವಾರವೇ ನಿಮ್ಮ ಡಾಕ್ಟರಿಗೆ ಹೇಳಿ, ಮುಂದಿನ ಅಪಾಯಿಂಟ್ಮೆಂಟ್‌ವರೆಗೆ ಕಾಯಬೇಡಿ.

ಪ್ರಶ್ನೆ: ನಮ್ಮನೆಯವರು ತೀರ್ಕೊಂಡು ಮೂರು ತಿಂಗಳು. ಸಂಜೆ ದೀಪ ಹಚ್ಚೋ ಹೊತ್ತಿಗೆ ಗೇಟಿನ ಹತ್ರ ನನ್ನ ಹೆಸರು ಹಿಡಿದು ಕೂಗಿದ ಹಾಗೆ ಕೇಳುತ್ತೆ. ಎದ್ದು ಹೋಗಿ ನೋಡ್ತೀನಿ. ನನಗೂ ಇದೇ ಕಾಯಿಲೆನಾ?
– 68 ವರ್ಷ, ಶಿವಮೊಗ್ಗ

ಉತ್ತರ: ಅಲ್ಲಮ್ಮ. ಇಷ್ಟು ವರ್ಷ ದಿನಾ ಸಂಜೆ ಕೇಳಿದ ದನಿ ಮೂರು ತಿಂಗಳಿಗೆ ಕಿವಿ ಬಿಟ್ಟು ಹೋಗಲ್ಲ. ಜೊತೆಗಾರರನ್ನ ಕಳ್ಕೊಂಡವರಲ್ಲಿ ಇದು ಬಹಳ ಜನಕ್ಕೆ ಆಗುತ್ತೆ, ಹೇಳ್ಕೊಳ್ಳಲ್ಲ ಅಷ್ಟೇ. ಊಟ ಮಾಡ್ತಿದೀರಾ, ಮಕ್ಕಳ ಜೊತೆ ಮಾತಾಡ್ತಿದೀರಾ, ನಿದ್ದೆ ಸ್ವಲ್ಪನಾದ್ರೂ ಬರ್ತಿದ್ಯಾ, ಹಾಗಿದ್ರೆ ಮಾತ್ರೆ ಏನೂ ಬೇಡ. ಆ ಹೊತ್ತಿಗೆ ಪಕ್ಕದ ಮನೆಯವರು ಯಾರಾದ್ರೂ ಬಂದು ಕೂತ್ಕೊಳ್ಳೋ ಹಾಗೆ ಮಾಡ್ಕೊಳ್ಳಿ. ಆ ದನಿ ಹೆಸರು ಹಿಡಿದು ಕರೆಯೋದು ಬಿಟ್ಟು ಬೈಯೋಕೆ ಶುರು ಮಾಡಿದ್ರೆ, ಅವರು ಹೋಗಿದ್ದು ನಿಮ್ಮ ತಪ್ಪಿಂದಲೇ ಅಂದ್ರೆ, ಅಥವಾ ನೀನೂ ಬಾ ಅಂದ್ರೆ, ಅವತ್ತೇ ಮಗನಿಗೆ ಹೇಳಿ ಡಾಕ್ಟರ ಹತ್ರ ಹೋಗಿ, ಕಾಗದ ಬರ್ಕೊಂಡು ಕೂರಬೇಡಿ.